ಸನದಿಲ್ಲದ ಮಾಸ್ತರರು

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದು ಕೊಡಿರೆಂದು ನಮ್ಮ ಕನ್ನಡ ಅಧ್ಯಾಪಕರು ತರಗತಿಯಲ್ಲಿ ಹೇಳಿದಾಗ ನಾನು ತಲೆ ತಗ್ಗಿಸಿ ಕುಳಿತಿದ್ದೆ. ಬರೆಯುವ ಗೆಳೆಯರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಒಬ್ಬನು ಕಿತ್ತೂರ ಚೆನ್ನಮ್ಮನ ಮೇಲೆ ಬರೆಯುವನು. ಒಬ್ಬಳು ನವಿಲುತೀರ್ಥದ ಪ್ರವಾಸದ ಮೇಲೆ ಬರೆಯುವಳು. ಕವಿತೆಗಳಿಗಂತೂ ಎಂದೂ ಬರ ಬಂದುದಿಲ್ಲ. ನನಗೆ ಗೊತ್ತಿರುವುದು ಕಬ್ಬಿಣವೊಂದೇ. ಹಾಗೆಂದು ಅಂಜುತ್ತಲೇ ಹೇಳಿದೆ. “ಹಾಗಾದರೆ ಕಬ್ಬಿಣದ ಮೇಲೆಯೇ ಬರೆ” ಎಂದರು ಅಧ್ಯಾಪಕರು. ಬರೆಯಲು ಕುಳಿತ ಮೇಲೆ ತಿಳಿಯಿತು: ನಾನು ಬರೆಯಬೇಕಾದುದು ಕಬ್ಬಿಣದ ಮೇಲಲ್ಲ, ನಮ್ಮ ಕಾಕಾನ ಮೇಲೆ. ಕಾಕಾ ಓದುವವರಲ್ಲ; ಆದುದರಿಂದ ಧೈರ್ಯ.

ಯರಗಟ್ಟಿಯನ್ನು ಬಲ್ಲವರಿಗೆ ಅದರ ವರ್ಣನೆ ಬೇಡ. ಅರಿಯದವರಿಗೆ ಎರಡು ಮಾತು ಸಾಕು. ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ದಾರಿಯೂ ಗೋಕಾಕದಿಂದ ಸವದತ್ತಿಗೆ ಹೋಗುವ ದಾರಿಯೂ ಕೂಡುವಲ್ಲಿ ಇರುವ ಊರು. ಬಹುಕಾಲ ಸವದತ್ತಿ ತಾಲೂಕಿನಲ್ಲಿದ್ದು ಈಚೆಗೆ ತಾನೇ ಒಂದು ತಾಲೂಕಾಗಿದೆ. ಸುತ್ತಲೂ ಯರಿ ಹೊಲ. ಜೋಳ, ಕಡಲೆ, ಹತ್ತಿ, ಗೋವಿನಜೋಳ, ನೀರಿದ್ದಲ್ಲಿ ಕಬ್ಬು. ಯರಿ ಮಣ್ಣು ಮಳೆ ಬಂದರೆ ಅಂಟು, ಬಿಸಿಲು ಬಿದ್ದರೆ ಕಲ್ಲು. ಇಂಥ ಮಣ್ಣಿನಲ್ಲಿ ಕಬ್ಬಿಣ ಬೇಗ ಸವೆಯುತ್ತದೆ. ರೈತನ ಕಬ್ಬಿಣ ಸವೆದಷ್ಟೂ ನಮ್ಮ ಮನೆಯ ಒಲೆ ಉರಿಯುತ್ತದೆ.

ನಮ್ಮ ಅಜ್ಜ ಆಯಗಾರ ಕಂಬಾರ. ವರ್ಷವಿಡೀ ರಂಟೆಯ ಕುಳ ಹಣಿದು, ಕುಂಟೆಯ ತಾಳು ತಿದ್ದಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಜೋಳ ತರುವುದು ಅವನ ಲೆಕ್ಕಾಚಾರ. ಕಾಕಾನ ಕಾಲಕ್ಕೆ ಆಯ ಹೋಯಿತು, ತಿದಿ ಹೋಯಿತು. ಟ್ರ್ಯಾಕ್ಟರ್ ಬಂದ ಮೇಲೆ ಕಾಕಾ ವೆಲ್ಡಿಂಗ್ ಕಲಿತರು. ಬೆಳಗಾವಿಯಿಂದ ಒಂದು ಹಳೆಯ ಲೇಥ್ ಕೊಂಡು ತಂದು ಬಸ್ ನಿಲ್ದಾಣದಿಂದ ಸ್ವಲ್ಪ ಆಚೆ ಅಂಗಡಿ ಹಾಕಿದರು. ಅಂಗಡಿಗೆ ಫಲಕವಿಲ್ಲ. ಇಂದಿಗೂ ಇಲ್ಲ. ಬನದ ಹುಣ್ಣಿವೆಗೂ ಭಾರತ ಹುಣ್ಣಿವೆಗೂ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಅಚ್ಚು ಮುರಿದವೂ ಕೊಂಡಿ ಕಿತ್ತವೂ ಅಂಗಡಿಯ ಮುಂದೆ ಸಾಲುಗಟ್ಟಿ ನಿಲ್ಲುವುವು. ಜನ ‘ಉಧೋ’ ಎನ್ನುತ್ತ ಇಳಿದು ನೆರಳಿನಲ್ಲಿ ರೊಟ್ಟಿ ಬಿಚ್ಚುವರು. ಅವರು ಕೈ ತೊಳೆಯುವ ಹೊತ್ತಿಗೆ ಅಚ್ಚು ಸಿದ್ಧವಾಗಿರಬೇಕು, ಆಗಿಯೂ ಇರುವುದು.

ಕಾಕಾನ ಕೈಯ ಬಗ್ಗೆ ಹೇಳಹೊರಟರೆ ಹೊಗಳಿಕೆಯಾದೀತು. ಒಂದೇ ಉದಾಹರಣೆ ಕೊಡುತ್ತೇನೆ. ಕೂರಿಗೆಯ ತಾಳನ್ನು ಲಾರಿಯ ಪಾಟಾದಿಂದ ಮಾಡುವ ರೂಢಿ ನಮ್ಮಲ್ಲಿದೆ. ಪಾಟಾ ಎಂದರೆ ಹದವಾದ ಉಕ್ಕು. ಅದನ್ನು ಸುಮ್ಮನೆ ವೆಲ್ಡ್ ಮಾಡಿದರೆ ಬೆಸುಗೆಯ ಅಂಚಿನಲ್ಲಿಯೇ ಬಿರಿಯುತ್ತದೆ. ಕಾಕಾ ಮೊದಲು ಎರಡೂ ತುಂಡುಗಳನ್ನು ಕಾಸುವರು, ಬೆಸೆಯುವರು, ಬೆಸೆದ ಮೇಲೆ ಬೂದಿಯಲ್ಲಿ ಹುಗಿದು ಮರುದಿನದವರೆಗೆ ಮುಟ್ಟಗೊಡರು. ರೈತ ಅವಸರ ಮಾಡಿದರೆ, “ಇವತ್ತ ಒಯ್ದರ ನಾಳೆ ತರ್ತಿ, ನಾಳೆ ಒಯ್ದರ ಮುಂದಿನ ವರ್ಷ ತರ್ತಿ” ಎನ್ನುವರು. ಉಕ್ಕನ್ನು ಬೇಗ ಆರಿಸಿದರೆ ಅದು ಗಾಜಿನಂತೆ ಪೆಡಸಾಗುವುದೆಂದೂ ನಿಧಾನವಾಗಿ ಆರಿಸಿದರೆ ಜಿಗುಟು ಉಳಿಯುವುದೆಂದೂ ಪುಸ್ತಕದಲ್ಲಿ ಓದಿದ್ದು ನಾನು, ಬಹಳ ತಡವಾಗಿ. ಕಾಕಾ ಪುಸ್ತಕ ನೋಡಿದವರಲ್ಲ. ಏಳನೆಯ ಇಯತ್ತೆ ಪಾಸಾಗಿ ಶಾಲೆ ಬಿಟ್ಟವರು.

ಇಂಥವರ ಕೈಕೆಳಗೆ ಮೂವತ್ತು ವರ್ಷಗಳಲ್ಲಿ ಹನ್ನೆರಡು ಹದಿಮೂರು ಹುಡುಗರು ತಯಾರಾಗಿದ್ದಾರೆ. ಲೋಕಾಪುರದಲ್ಲಿ ಒಬ್ಬ, ಮುರಗೋಡದಲ್ಲಿ ಇಬ್ಬರು, ಮುನವಳ್ಳಿಯಲ್ಲಿ ಒಬ್ಬ, ನೇಸರಗಿಯಲ್ಲಿ ಒಬ್ಬ ಅಂಗಡಿ ಹಾಕಿದ್ದಾರೆ. ಅವರೆಲ್ಲ ಕಾಕಾನನ್ನು ‘ಮಾಸ್ತರ’ ಎಂದೇ ಕರೆಯುತ್ತಾರೆ. ಆದರೆ ಕಾಕಾ ಕಲಿಸಿದ್ದು ಹೇಗೆಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಅವರ ಶಾಲೆಯ ಪಾಠವೆಲ್ಲ ಎರಡೇ ಶಬ್ದ: “ನೋಡಿ ಕಲಿ.” ಹುಡುಗ ಎರಡು ವರ್ಷ ಅರ ಉಜ್ಜುತ್ತ, ಚಹಾ ತರುತ್ತ, ನೋಡುವನು. ಒಂದು ದಿನ ಕಾಕಾ ಎದ್ದು ನಿಂತು, “ಹೂಂ, ನೀ ಮಾಡು” ಎನ್ನುವರು. ಮಾಡಿದರೆ ಮಾತಿಲ್ಲ, ತಪ್ಪಿದರೆ ಮಾತುಂಟು, ಆ ಮಾತುಗಳನ್ನು ಕಾಲೇಜಿನ ಸಂಚಿಕೆಯಲ್ಲಿ ಅಚ್ಚು ಮಾಡುವಂತಿಲ್ಲ. ಹನ್ನೆರಡು ಹುಡುಗರು ಕಲಿತರೆಂದೆನಲ್ಲ. ನೋಡಿ ಕಲಿಯಲಾಗದೆ ಬಿಟ್ಟುಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ನಾನು ಆ ಎರಡನೆಯ ಲೆಕ್ಕಕ್ಕೆ ಸೇರಿದವನು.

2020ನೆಯ ಇಸವಿ. ಕೊರೋನಾದ ದೆಸೆಯಿಂದ ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆ ಜೂನ್ ಕೊನೆಗೆ ಹೋಯಿತು. ಪರೀಕ್ಷೆ ಮುಗಿದದ್ದೇ ತಡ, ನಾನು ಕಾಕಾನ ಅಂಗಡಿ ಸೇರಿದೆ. ಐ.ಟಿ.ಐ.ಯಲ್ಲಿ ಟರ್ನರ್ ಓದಬೇಕೆಂಬುದು ಮನೆಯವರ ಇಚ್ಛೆ, ನನ್ನದೂ ಕೂಡ. ಅದಕ್ಕೆ ಮುಂಚೆ ಕೈ ಪಳಗಲಿ ಎಂದು ಕಾಕಾ ನನ್ನನ್ನು ಲೇಥಿನ ಮುಂದೆ ನಿಲ್ಲಿಸಿದರು. ತಿಂಗಳೊಪ್ಪತ್ತಿನಲ್ಲಿ ನಾನು ಬಲ್ಲಿದನೆಂದೇ ತಿಳಿದುಕೊಂಡೆ. ಒಂದು ಮಧ್ಯಾಹ್ನ ಪಂಪಿನ ಒಂದು ದಂಡವನ್ನು ಕಡೆಯುತ್ತಿದ್ದೆ. ಅದಕ್ಕೆ ಎಣ್ಣೆಯೂ ತುರಿಯೂ ಮೆತ್ತಿಕೊಂಡು ಗೆರೆ ಕಾಣಲೊಲ್ಲದು. ಕೈಯಲ್ಲಿ ಹಳೆಯ ಬನಿಯನ್ನಿನ ಅರಿವೆಯಿತ್ತು. ಯಂತ್ರ ನಿಲ್ಲಿಸದೆ ಒರೆಸಲು ಹೋದೆ. ಅರಿವೆಯ ಅಂಚು ಚಕ್ಕಿಗೆ ಸಿಕ್ಕಿತು. ಲೇಥಿನ ಮುಂದೆ ನಿಂತವನಿಗೆ ಚಕ್ಕು ಎಡಗಡೆಗಿರುತ್ತದೆ. ಆದುದರಿಂದ ಹೋದದ್ದು ಎಡಗೈಯ ತೋರುಬೆರಳಿನ ತುದಿಯ ಗಿಣ್ಣು. ಬರೆಯುವ ಕೈ ಉಳಿಯಿತು. ಈ ಪ್ರಬಂಧವನ್ನು ಓದಬೇಕಾಗಿ ಬಂದ ವಾಚಕರು ಅದಕ್ಕಾಗಿ ಆ ಲೇಥನ್ನೇ ದೂರಬೇಕು.

ಗಾಯ ಮಾಯ್ದ ಮೇಲೆ ಒಂದು ದಿನ ಕಾಕಾ ಜಗುಲಿಗೆ ಬಂದು ನನ್ನ ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಸುಮ್ಮನಿದ್ದರು. ಎದ್ದು ಹೋಗುವಾಗ ಹೇಳಿದ್ದು ಇಷ್ಟೇ: “ಅದನ್ನ ಬಾಯಿಬಿಟ್ಟು ಹೇಳಬೇಕಂತ ನನಗ ಹೊಳೀಲಿಲ್ಲೋ ತಮ್ಮಾ.” ಅವರು ಸುಳ್ಳು ಹೇಳಲಿಲ್ಲ. ತಿರುಗುವ ಚಕ್ಕಿನ ಹತ್ತಿರ ಅರಿವೆ ಒಯ್ಯಬಾರದೆಂಬುದು ಅವರ ಕೈಗೆ ಗೊತ್ತಿತ್ತು. ಕಣ್ಣಿನ ಮುಂದೆ ಸೊಳ್ಳೆ ಬಂದರೆ ರೆಪ್ಪೆ ಮುಚ್ಚುವಂತೆ ಗೊತ್ತಿತ್ತು. ರೆಪ್ಪೆ ಮುಚ್ಚುವುದನ್ನು ಯಾರು ಯಾರಿಗೆ ಹೇಳಿಕೊಡುತ್ತಾರೆ?

ಹೀಗಾಗಿ ನಾನು ಪಿ.ಯು.ಸಿ.ಗೆ ಕಲಾ ವಿಭಾಗ ಸೇರಿದೆ. ಈಗ ಚರಿತ್ರೆ ಓದುತ್ತಿದ್ದೇನೆ. ಮುಂದೆ ಮಾಸ್ತರಾಗುವ ಆಸೆ. ಅದಕ್ಕೆ ಬಿ.ಎ. ಆಗಬೇಕು, ಎರಡು ವರ್ಷದ ಬಿ.ಎಡ್. ಆಗಬೇಕು, ಎಂಟನೆಯ ತರಗತಿಯವರೆಗೆ ಕಲಿಸುವುದಾದರೆ ಟಿ.ಇ.ಟಿ. ಎಂಬ ಪರೀಕ್ಷೆಯನ್ನೂ ದಾಟಬೇಕು. ನಮ್ಮ ಅಜ್ಜನ ಕಾಲದಲ್ಲಿ ಇಷ್ಟೊಂದು ಇರಲಿಲ್ಲವಂತೆ. ಮುಂಬಯಿ ಪ್ರಾಂತದ ಆ ದಿನಗಳಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವರೇ ಹಳ್ಳಿಯ ಶಾಲೆಗೆ ಮಾಸ್ತರರಾಗುತ್ತಿದ್ದರು. ಆಮೇಲೆ ಅನುಕೂಲವಾದರೆ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗಿಬರುತ್ತಿದ್ದರು. ಕಾಕಾ ಐವತ್ತು ವರ್ಷ ಮುಂಚೆ ಹುಟ್ಟಿದ್ದರೆ ಅದೇ ಏಳನೆಯ ಇಯತ್ತೆ ಅವರನ್ನು ರುಮಾಲಿನ ಮಾಸ್ತರನನ್ನಾಗಿ ಮಾಡುತ್ತಿತ್ತು. ಇದನ್ನು ಅವರಿಗೆ ಹೇಳಿದೆ. “ಪಗಾರ ಎಷ್ಟಿತ್ತಂತ?” ಎಂದು ಕೇಳಿದರು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. 2023ರಲ್ಲಿ ನಮ್ಮ ಜಿಲ್ಲೆಯ ಒಂದು ಖಾಸಗಿ ಐ.ಟಿ.ಐ.ಯವರು ಕಾಕಾನನ್ನು ಕರೆಯಿಸಿಕೊಂಡರು. ಅದರ ಹೆಸರು ಇಲ್ಲಿ ಬೇಡ. ಅಲ್ಲಿಯ ವೆಲ್ಡಿಂಗ್ ಬೋಧಕರು ಬಿಟ್ಟುಹೋಗಿದ್ದರು. ಹೊಸಬರು ಸಿಗುವವರೆಗೆ ವಾರಕ್ಕೆ ಎರಡು ದಿನ ಬಂದು ಹುಡುಗರಿಗೆ ಕೈಗೆಲಸ ತೋರಿಸಬೇಕೆಂದು ಕೇಳಿಕೊಂಡರು. ಕಾಕಾ ಆ ಮೊದಲ ದಿನಕ್ಕೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿದರು. ದಾರಿ ತೋರಿಸುವ ನೆಪದಲ್ಲಿ ನಾನೂ ಹೊರಟೆ. ನಿಜವಾಗಿ ನನಗೆ ನಾನು ಓದದೆ ಹೋದ ಶಾಲೆಯನ್ನು ನೋಡುವ ಆಸೆಯಿತ್ತು.

ಟರ್ನರ್ ವಿಭಾಗದ ಬೋಧಕರು ತರುಣರು, ಮೂವತ್ತು ದಾಟಿರಲಾರದು. ಐ.ಟಿ.ಐ. ಓದಿ, ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಮಾಡಿ, ಆಮೇಲೆ ಹೈದರಾಬಾದಿನ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಲ್ಲಿ ಒಂದು ವರ್ಷ ಬೋಧಕರ ತರಬೇತಿ ಮುಗಿಸಿ ಬಂದವರು. ಅಂದು ಹೊಸ ಹುಡುಗರಿಗೆ ಮೊದಲ ಪಾಠ. ಲೇಥ್ ನಿಂತಿತ್ತು. ಸುಮಾರು ಇಪ್ಪತ್ತು ಹುಡುಗರನ್ನು ಅರ್ಧಚಂದ್ರಾಕಾರವಾಗಿ ನಿಲ್ಲಿಸಿಕೊಂಡು, ಹಿಂದಿನವರಿಗೂ ಕಾಣುತ್ತದೆಯೇ ಎಂದು ವಿಚಾರಿಸಿ, ಅವರು ಯಂತ್ರದ ಗುಂಡಿಯನ್ನು ಮುಟ್ಟುವ ಮುಂಚೆ ಹೇಳಿದರು: ಉದ್ದ ತೋಳಿನ ಅಂಗಿ ಬೇಡ, ಉಂಗುರ ಬೇಡ, ಕೈಚೀಲ ಬೇಡ, ತಿರುಗುವ ಕೆಲಸವನ್ನು ಅರಿವೆಯಿಂದ ಒರೆಸಬೇಡಿರಿ, ತುರಿಯನ್ನು ಕೈಯಿಂದ ಎಳೆಯಬೇಡಿರಿ, ಯಾಕೆಂದು ಯಾರು ಹೇಳುವಿರಿ? ಒಬ್ಬ ಹುಡುಗ ಹೇಳಿದ. ಅವನಿಂದಲೇ ಮತ್ತೊಮ್ಮೆ ಹೇಳಿಸಿದರು.

ಕಾಕಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ನನ್ನ ಕೈಯ ಕಡೆ ನೋಡಿದರು. ಆಮೇಲೆ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತರು. ಎಲೆ ಅಡಿಕೆ ತೆಗೆದರು, ತಿನ್ನದೆ ಮತ್ತೆ ಚಂಚಿಯಲ್ಲಿ ಇಟ್ಟರು.

ಆ ತರುಣ ಬೋಧಕರೊಡನೆ ನನಗೆ ಸ್ನೇಹವಾಯಿತು. ಹೈದರಾಬಾದಿನಲ್ಲಿ ಏನು ಕಲಿಸುತ್ತಾರೆಂದು ಕೇಳಿದೆ. ಕಸುಬು ಹೇಗೂ ಬರುತ್ತದೆ, ಅದನ್ನು ಇನ್ನಷ್ಟು ತಿದ್ದುತ್ತಾರೆ. ಉಳಿದದ್ದು ‘ತರಬೇತಿಯ ವಿಧಾನ’ ಎಂದರು. ಒಂದು ಕೆಲಸವನ್ನು ತುಂಡುತುಂಡಾಗಿ ಬಿಡಿಸಿ ಬರೆಯುವುದು. ಯಾವ ತುಂಡಿನಲ್ಲಿ ಅಪಾಯವಿದೆ, ಯಾವುದರಲ್ಲಿ ಹುಡುಗ ಎಡವುತ್ತಾನೆ ಎಂದು ಗುರುತಿಸುವುದು. ಆಮೇಲೆ ನಾಲ್ಕು ಮೆಟ್ಟಿಲು: ಹುಡುಗನ ಮನಸ್ಸನ್ನು ಸಿದ್ಧಮಾಡು, ಮಾಡಿ ತೋರಿಸು, ಅವನಿಂದ ಮಾಡಿಸು, ಅವನೊಬ್ಬನನ್ನೇ ಬಿಟ್ಟು ಪರೀಕ್ಷಿಸು. ಇದು ಹೊಸದೇನಲ್ಲವೆಂದು ಆಮೇಲೆ ಓದಿದೆ. ಮೊದಲನೆಯ ಮಹಾಯುದ್ಧದಲ್ಲಿ ಅಮೇರಿಕಕ್ಕೆ ಒಮ್ಮೆಲೇ ಹಡಗುಗಳು ಬೇಕಾದುವು; ಹಡಗು ಕಟ್ಟಬಲ್ಲವರು ಸಾಲದಾದರು. ಇದ್ದ ಕುಶಲರಿಗೆ ಕಲಿಸಲು ಬಾರದು. ಆಗ ಚಾರ್ಲ್ಸ್ ಅಲೆನ್ ಎಂಬವರು ಈ ನಾಲ್ಕು ಮೆಟ್ಟಿಲುಗಳನ್ನು ಹಾಕಿಕೊಟ್ಟು, 1919ರಲ್ಲಿ ಅದನ್ನೇ ಪುಸ್ತಕವಾಗಿ ಬರೆದರು. ಕಾಕಾನ ಶಾಲೆಯಲ್ಲಿ ಇದ್ದದ್ದು ಎರಡನೆಯ ಮೆಟ್ಟಿಲು ಮತ್ತು ನಾಲ್ಕನೆಯದು. ನಡುವಿನ ಮೆಟ್ಟಿಲಿನಲ್ಲಿ ನನ್ನ ಬೆರಳು ಬಿದ್ದುಹೋಯಿತು.

ಹೀಗೆಂದ ಮಾತ್ರಕ್ಕೆ ಕಾಕಾನಿಂದ ಆ ಶಾಲೆಗೆ ಪ್ರಯೋಜನವಾಗಲಿಲ್ಲವೆಂದು ತಿಳಿಯಬಾರದು. ಒಂದು ದಿನ ಉಕ್ಕಿಗೆ ಹದ ಕೊಡುವ ಪಾಠ. ಉಕ್ಕನ್ನು ಕೆಂಪಗೆ ಕಾಸಿ ನೀರಿನಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆ, ಆದರೆ ಪೆಡಸು. ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಸಿದರೆ ಅದರ ಮೈಮೇಲೆ ಬಣ್ಣಗಳು ಓಡುತ್ತವೆ. ಬೇಕಾದ ಬಣ್ಣ ಅಂಚಿಗೆ ಬಂದಾಗ ಮತ್ತೆ ಅದ್ದಬೇಕು. ಪುಸ್ತಕದಲ್ಲಿ ಪಟ್ಟಿಯಿದೆ: ಸುಮಾರು 230 ಡಿಗ್ರಿಗೆ ಹುಲ್ಲಿನ ಹಳದಿ, 280ಕ್ಕೆ ನೇರಳೆ, 300ಕ್ಕೆ ನೀಲಿ. ಹುಡುಗರು ಬರೆದುಕೊಂಡರು, ಉಕ್ಕಿನ ಮೇಲೆ ಯಾವುದು ಯಾವುದೆಂದು ಯಾರಿಗೂ ಗೊತ್ತಾಗಲೊಲ್ಲದು. ಕಾಕಾನನ್ನು ಕರೆದರು. ಕಾಕಾ ಉಳಿಯೊಂದನ್ನು ಬೆಂಕಿಗೆ ಹಿಡಿದು ಮಾತಾಡಿದರು. ಆ ಹೊತ್ತಿನಲ್ಲಿ ಅವರು ಮಾತಾಡಿದುದನ್ನು ನಾನು ಅದೇ ಮೊದಲು ಕೇಳಿದ್ದು:

“ನೋಡ್ರೆಪಾ, ಮೊದಲ ಒಣಗಿದ ಕಣಿಕಿ ಬಣ್ಣ ಬರ್ತೈತಿ. ಕತ್ತರಿಗೆ ಅಷ್ಟ ಸಾಕು. ಆಮ್ಯಾಲ ಬೆಲ್ಲದ ಬಣ್ಣ. ಆಮ್ಯಾಲ ನೇರಳಹಣ್ಣು, ಉಳಿಗೆ ಅಲ್ಲಿ ನಿಂದರಬೇಕು. ಅದನ್ನ ದಾಟಿದರ ನವಿಲ ಕುತಿಗಿ. ಅದು ಪಾಟಾದ ಹದ. ನವಿಲೂ ಹಾರಿಹೋತಂದ್ರ ಕಬ್ಬಣ ಸತ್ತಂಗ.”

ತರುಣ ಬೋಧಕರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಡಿಗ್ರಿಗಳ ಎದುರಿಗೆ ಕಣಿಕೆ, ಬೆಲ್ಲ, ನೇರಳೆ, ನವಿಲು ಎಂದು ಬರೆದುಕೊಂಡರು. “ಕಾಕಾರ, ನೀವು ಇಲ್ಲೇ ಇದ್ದಬಿಡ್ರಿ” ಎಂದರು. ಕಾಕಾ ನಕ್ಕರು. ಅವರು ಈ ರೀತಿ ನಕ್ಕುದು ಅಪರೂಪ.

ಇದ್ದುಬಿಡಲು ಬರುವಂತಿರಲಿಲ್ಲ. ಐ.ಟಿ.ಐ.ಯ ಬೋಧಕನಾಗಲು ಏನೇನು ಬೇಕೆಂಬುದನ್ನು ಕೇಂದ್ರ ಸರಕಾರದ ತರಬೇತಿ ಮಹಾನಿರ್ದೇಶನಾಲಯದವರು ಪ್ರತಿಯೊಂದು ಕಸುಬಿನ ಪಠ್ಯಕ್ರಮದಲ್ಲಿಯೂ ಅಚ್ಚು ಹಾಕಿಸಿದ್ದಾರೆ. ಎಂಜಿನಿಯರಿಂಗ್ ಪದವಿಯಿದ್ದರೆ ಒಂದು ವರ್ಷದ ಅನುಭವ. ಡಿಪ್ಲೊಮಾ ಇದ್ದರೆ ಎರಡು ವರ್ಷ. ಅದೇ ಕಸುಬಿನಲ್ಲಿ ಐ.ಟಿ.ಐ. ಇಲ್ಲವೆ ಅಪ್ರೆಂಟಿಸ್ ಪ್ರಮಾಣಪತ್ರವಿದ್ದರೆ ಮೂರು ವರ್ಷ. ಮೂವರಿಗೂ ಬೋಧಕ ತರಬೇತಿಯ ರಾಷ್ಟ್ರೀಯ ಪ್ರಮಾಣಪತ್ರ ಬೇಕೇ ಬೇಕು. ಎರಡು ವರ್ಷದ ಕಸುಬಿಗೆ ಇಬ್ಬರು ಬೋಧಕರಿದ್ದರೆ ಒಬ್ಬನು ಪದವಿ ಅಥವಾ ಡಿಪ್ಲೊಮಾದವನಿರಬೇಕು, ಇನ್ನೊಬ್ಬನು ಐ.ಟಿ.ಐ. ಇಲ್ಲವೆ ಅಪ್ರೆಂಟಿಸ್ ದಾರಿಯಿಂದ ಬಂದವನಿರಬೇಕು ಎಂಬ ಜಾಣ ನಿಯಮವೂ ಇದೆ. ಪುಸ್ತಕವೊಂದು ಕಡೆ, ಕೈಯೊಂದು ಕಡೆ ಇರಲೆಂದು. ಓದಿದಾಗ ನನಗೆ ಮೆಚ್ಚುಗೆಯಾಯಿತು. ಎಷ್ಟು ವಿದ್ಯೆಗೆ ಎಷ್ಟು ಅನುಭವ ಎಂದು ತಕ್ಕಡಿಯಲ್ಲಿ ತೂಗಿದ ಹಾಗಿದೆ. ಚರಿತ್ರೆಯ ಮಾಸ್ತರಾಗುವ ನನ್ನನ್ನು, ಎಷ್ಟು ವರ್ಷ ಚರಿತ್ರೆಯಲ್ಲಿ ದುಡಿದಿದ್ದೀಯೆಂದು ಯಾರೂ ಕೇಳುವುದಿಲ್ಲ!

ಆದರೆ ತಕ್ಕಡಿಯಲ್ಲಿ ಮೂರೇ ಬಟ್ಟುಗಳಿವೆ. ನಲವತ್ತು ವರ್ಷದ ಅನುಭವವಿದ್ದು ಪ್ರಮಾಣಪತ್ರ ಸೊನ್ನೆಯಾದರೆ ತೂಗುವ ಬಟ್ಟಿಲ್ಲ. ಇನ್ನೂ ಒಂದು ವಿನೋದ ನೋಡಿರಿ: ವೆಲ್ಡರ್ ಕಸುಬಿನ ವಿದ್ಯಾರ್ಥಿಯಾಗಲು ಎಂಟನೆಯ ತರಗತಿ ಪಾಸಾಗಿರಬೇಕು. ಕಾಕಾನದು ಏಳು. ಬೋಧಕನಾಗುವುದಿರಲಿ, ತಾವೇ ಕಲಿಸುತ್ತಿದ್ದ ತರಗತಿಯಲ್ಲಿ ವಿದ್ಯಾರ್ಥಿಯಾಗಿ ಕುಳಿತುಕೊಳ್ಳಲೂ ಅವರಿಗೆ ಒಂದು ಇಯತ್ತೆ ಕಡಿಮೆ.

ಕೆಲವು ತಿಂಗಳು ನಡೆಯಿತು. ಆಮೇಲೆ ಮಾನ್ಯತೆಯ ತಪಾಸಣೆ ಬರುತ್ತದೆಂದು ಸುದ್ದಿ ಬಂತು. ಆಡಳಿತದವರು ಕಾಕಾನನ್ನು ಕೋಣೆಗೆ ಕರೆದು, ಮೆತ್ತಗೆ, ಒಂದು ಉಪಾಯ ಹೇಳಿದರು. ಬೇರೆ ಊರಿನಲ್ಲಿ ಬೇರೆ ಉದ್ಯೋಗ ಮಾಡುತ್ತಿದ್ದ ಯಾರದೋ ಪ್ರಮಾಣಪತ್ರವನ್ನು ಕಡತದಲ್ಲಿ ಇಡುವುದು, ಹಾಜರಿಯಲ್ಲಿ ಅವನ ಹೆಸರು, ಕಲಿಸುವವರು ಕಾಕಾ, ಸಂಬಳ ಮೊದಲಿಗಿಂತ ಹೆಚ್ಚು. ತಪಾಸಣೆಯ ದಿನ ಮಾತ್ರ ಕಾಕಾ ಬರಬಾರದು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ, ಬಾಗಿಲು ತೆರೆದಿತ್ತು. ಆ ವರ್ಷ ಮಳೆ ಕೈಕೊಟ್ಟಿತ್ತು, ಅಂಗಡಿಗೆ ಕೆಲಸ ಬರುತ್ತಿರಲಿಲ್ಲ, ನನ್ನ ತಂಗಿಯ ಮದುವೆಯ ಸಾಲ ಕಾಕಾನ ಹೆಸರಿನಲ್ಲಿತ್ತು. ಅವರು ಒಪ್ಪಲೆಂದೇ ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಕಾಕಾ ಸ್ವಲ್ಪ ಹೊತ್ತು ತಡೆದು ಹೇಳಿದರು: “ಹುಡುಗರಿಗೆ ಏನರ ಆತಂದ್ರ ಯಾರನ್ನ ಹಿಡಿತೀರಿ? ಕಾಗದದಾಗಿನವನನ್ನೋ, ನನ್ನನ್ನೋ?”

ಏನೂ ಆಗುವುದಿಲ್ಲವೆಂದರು ಆ ಗೃಹಸ್ಥರು.

“ಆಗತೈತ್ರಿ” ಎಂದರು ಕಾಕಾ. ನಮಸ್ಕಾರ ಮಾಡಿ ಎದ್ದು ಬಂದರು.

ಬಸ್ಸಿನಲ್ಲಿ ನಾನು ಸಿಟ್ಟಾಗಿದ್ದೆ. ಕಾಕಾನ ಮೇಲೋ, ಆ ಶಾಲೆಯ ಮೇಲೋ, ನಿಯಮ ಮಾಡಿದವರ ಮೇಲೋ ಹೇಳಲಾರೆ. ನಿಯಮ ಮಾಡಿದವರ ಚರಿತ್ರೆಯನ್ನು ಹುಡುಕಿದ್ದು ಆ ಸಿಟ್ಟಿನಿಂದಲೇ. ಚರಿತ್ರೆಯ ವಿದ್ಯಾರ್ಥಿಗೆ ಸಿಟ್ಟು ಬಂದರೆ ಇನ್ನೇನು ಮಾಡಿಯಾನು? ಬೋಧಕರನ್ನು ತಯಾರಿಸುವ ಮೊದಲ ಸಂಸ್ಥೆ ನಮ್ಮ ದೇಶದಲ್ಲಿ ಹುಟ್ಟಿದ್ದು 1948ರಲ್ಲಿ. ಕಸುಬುದಾರರ ತರಬೇತಿಯ ರಾಷ್ಟ್ರೀಯ ಯೋಜನೆ 1950ರಲ್ಲಿ. ಅಂದರೆ ಶಿಷ್ಯರಿಗಿಂತ ಮೊದಲು ಗುರುಗಳ ಚಿಂತೆ ಮಾಡಿದ್ದರು. 1956ರಲ್ಲಿ, ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯ ಸೇರಿದ ವರ್ಷವೇ, ಈ ವಿದ್ಯೆಗೆ ಒಂದು ರಾಷ್ಟ್ರೀಯ ಪರಿಷತ್ತು ಆಯಿತು. 1960ರ ದಶಕದಲ್ಲಿ ಲುಧಿಯಾನ, ಕಾನಪುರ, ಹೌರಾ, ಮುಂಬಯಿ, ಮದ್ರಾಸು, ಹೈದರಾಬಾದುಗಳಲ್ಲಿ ಬೋಧಕರ ಸಂಸ್ಥೆಗಳು ಎದ್ದುವು. ಅದಕ್ಕೂ ಹಿಂದೆ, 1937ರ ಏಪ್ರಿಲ್ಲಿನಲ್ಲಿ ಗಾಂಧಿಯವರು ನಮ್ಮ ಜಿಲ್ಲೆಯ ಹುದಲಿಗೆ ಬಂದು ಹೋದರು. ಅದೇ ಅಕ್ಟೋಬರಿನಲ್ಲಿ ವರ್ಧೆಯಲ್ಲಿ ಕೂಡಿದ ಪರಿಷತ್ತು ಕೈಕಸುಬನ್ನೇ ಶಿಕ್ಷಣದ ನಡುಗಂಬವಾಗಿ ಮಾಡಬೇಕೆಂದಿತು. ಅಲ್ಲಿ ತೊಡಕು ಇನ್ನೊಂದು ತುದಿಯಿಂದ ಬಂದಿತು: ಅಕ್ಷರ ಕಲಿಸುವ ಸನದಿದ್ದ ಮಾಸ್ತರರಿಗೆ ತಕಲಿ ತಿರುಗಿಸಲು ಬರುತ್ತಿರಲಿಲ್ಲ, ಅವರಿಗೇ ನೂಲಲು ಕಲಿಸಬೇಕಾಯಿತು.

ಜರ್ಮನಿಯ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. ಅಲ್ಲಿ ಕಸುಬಿನಲ್ಲಿ ‘ಮೈಸ್ಟರ್’ ಎನ್ನಿಸಿಕೊಳ್ಳಲು ನಾಲ್ಕು ಭಾಗದ ಪರೀಕ್ಷೆ ಕೊಡಬೇಕು: ಕೈಗೆಲಸ, ಕಸುಬಿನ ಶಾಸ್ತ್ರ, ವ್ಯಾಪಾರ ಮತ್ತು ಕಾನೂನು, ನಾಲ್ಕನೆಯದು ಕಲಿಸುವ ವಿದ್ಯೆ. ಕಾರಖಾನೆಗಳಲ್ಲಿ ಹುಡುಗರಿಗೆ ಕಲಿಸುವವರಿಗೂ ಇಂಥದೇ ಒಂದು ಅರ್ಹತೆಯ ನಿಯಮವನ್ನು 1972ರಲ್ಲಿ ಮಾಡಿದ್ದರು. ಕಲಿಯುವ ಜಾಗಗಳು ಹೆಚ್ಚಲೆಂದು 2003ರಲ್ಲಿ ಅದನ್ನು ತಡೆಹಿಡಿದರು. 2009ರಲ್ಲಿ ಮತ್ತೆ ತಂದರು. ಅವರೂ ಆರು ವರ್ಷ ‘ನೋಡಿ ಕಲಿ’ ಮಾಡಿ ನೋಡಿದರೆಂದು ನಾನು ಕಾಕಾನಿಗೆ ಹೇಳಿದೆ.

ಬೋಧಕನಿಗೆ ಒಂದು ವರ್ಷದ ತರಬೇತಿ ಯಾಕೆಂದು ಕೇಳುವವನು ನಾನಲ್ಲ. ನನ್ನ ಎಡಗೈ ಆ ಪ್ರಶ್ನೆ ಕೇಳಲು ಬಿಡದು. ನನ್ನ ತಕರಾರು ಆ ತರಬೇತಿಯ ಬಾಗಿಲಿನ ಮೇಲೆ. ಒಳಗೆ ಹೋಗಿ ಕಲಿತುಬಂದರೆ ಕಾಕಾನಂಥವರು ಎಂಥ ಬೋಧಕರಾದಾರು! ನವಿಲಿನ ಬಣ್ಣವನ್ನು ಹೇಳಬಲ್ಲ ನಾಲಗೆಗೆ ಅರಿವೆಯ ಮಾತು ಹೇಳುವುದನ್ನೂ ಕಲಿಸಬಹುದಿತ್ತು. ಆದರೆ ಬಾಗಿಲಲ್ಲಿ ಕೇಳುವುದು ಇಯತ್ತೆಯನ್ನು. ಕೈಯನ್ನು ಪರೀಕ್ಷಿಸಿ ಒಳಗೆ ಬಿಡಲಿ, ಓದು ಬರಹ ಬೇಕಾದಷ್ಟನ್ನು ಒಳಗೆ ಕಲಿಸಲಿ ಎಂದು ನನ್ನ ಅಲ್ಪಬುದ್ಧಿಗೆ ತೋರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಇದರ ಹತ್ತಿರದ ಒಂದು ಮಾತಿದೆ: ಸ್ಥಳೀಯ ಕಲೆ, ಕಸುಬುಗಳನ್ನು ಕಲಿಸಲು ಊರಿನ ನುರಿತವರನ್ನೇ ಶಾಲೆಗಳು ‘ಮಾಸ್ಟರ್ ಇನ್‌ಸ್ಟ್ರಕ್ಟರ್’ ಎಂದು ತೆಗೆದುಕೊಳ್ಳಬಹುದು, ಅವರಿಗೆಂದೇ ಚಿಕ್ಕ ಅವಧಿಯ ಬೋಧನ ತರಬೇತಿಗಳನ್ನು ನಡೆಸಬಹುದು. ಅದು ಶಾಲೆಗಳ ಮಾತು, ಐ.ಟಿ.ಐ.ಯ ಲೆಕ್ಕ ಬೇರೆ. ಆದರೂ ಓದಿ ಹೇಳಿದೆ. “ಕರದಾಗ ನೋಡೂಣು” ಎಂದರು ಕಾಕಾ. ಇದುವರೆಗೆ ಯಾರೂ ಕರೆದಿಲ್ಲ.

ಈ ನಡುವೆ ಕಾಕಾನಿಗೆ ಒಂದು ಪ್ರಮಾಣಪತ್ರ ಬಂದಿದೆ. 2023ರ ಸೆಪ್ಟೆಂಬರದಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಹದಿನೆಂಟು ಕಸುಬುಗಳಿವೆ, ಕಂಬಾರಿಕೆಯೂ ಒಂದು. ಮರುವರ್ಷ ನಾನೇ ಅರ್ಜಿ ತುಂಬಿಸಿದೆ. ಕೆಲವು ದಿನದ ತರಬೇತಿ, ದಿನಕ್ಕೆ 500 ರೂಪಾಯಿಯ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿಯವರೆಗೆ ನೆರವು. ಜೊತೆಗೆ ಗುರುತಿನ ಚೀಟಿ ಮತ್ತು ಹೆಸರು ಅಚ್ಚಾದ ಪ್ರಮಾಣಪತ್ರ. ಕಾಕಾ ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ಯಲ್ಲಮ್ಮನ ಪಟದ ಪಕ್ಕಕ್ಕೆ ತೂಗುಹಾಕಿದ್ದಾರೆ. ಇದನ್ನು ತೋರಿಸಿದರೆ ಐ.ಟಿ.ಐ.ಯವರು ಒಳಗೆ ಬಿಡುವರೇ ಎಂದು ಒಮ್ಮೆ ಕೇಳಿದರು. ಇಲ್ಲವೆಂದೆ. ಪಟದ ಧೂಳನ್ನು ಒರೆಸಿ ಸುಮ್ಮನಾದರು.

ಹೋದ ದೀಪಾವಳಿಯ ಸೂಟಿಯಲ್ಲಿ ಊರಿಗೆ ಹೋಗಿದ್ದೆ. ಸಂಜೆ ಅಂಗಡಿಯ ಕಡೆ ನಡೆದರೆ ಲೇಥಿನ ಮುಂದೆ ಒಬ್ಬ ಹೊಸ ಹುಡುಗ, ಸತ್ತಿಗೇರಿಯ ಕಡೆಯವನು, ಹದಿನೇಳು ಹದಿನೆಂಟು ವರ್ಷದವನಿರಬೇಕು. ಕಾಕಾ ಅವನ ಹಿಂದೆ ನಿಂತಿದ್ದರು. ನಾನು ಬಂದುದನ್ನು ಅವರು ನೋಡಲಿಲ್ಲ. ಹುಡುಗ ಗುಂಡಿಯ ಕಡೆಗೆ ಕೈ ಚಾಚಿದ.

“ನಿಂದ್ರು” ಎಂದರು ಕಾಕಾ. “ಮೊದಲ ಏನ ಮಾಡಬೇಕು, ಹೇಳು.”

“ತೋಳ ಮಡಚಬೇಕ್ರಿ.”

“ಮತ್ತ?”

ಹುಡುಗ ನೆನಪಿಸಿಕೊಳ್ಳುತ್ತ ನಿಂತ. ಕಾಕಾ ಕಾಯುತ್ತಿದ್ದರು. ಹೊರಗೆ ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಹಾರ್ನ್ ಹೊಡೆಯುತ್ತಿದ್ದ. ಅವನ ಕಡೆ ತಿರುಗಿಯೂ ನೋಡಲಿಲ್ಲ.

“ಅರಿವಿ ಕೆಳಗ ಇಡಬೇಕ್ರಿ” ಎಂದ ಹುಡುಗ.

“ಯಾಕ?” ಎಂದರು ಕಾಕಾ.